ಮುಳ್ಳು ಮಳೆಗೆ ಬಂದ ದಿನ

ಪಾಲಾಕ್ಷಪ್ಪನಿಗೆ ಆ ಭಾನುವಾರ ಕುತ್ತಾಗಿ ಬಂದದ್ದು ಬೆರಳಗಲದ ನಾಲ್ಕು ಕಾಗದದ ಚೀಟಿ. ಅವನ್ನು ಅವನೇ ತನ್ನ ಕನ್ನಡ ಟೈಪ್‌ರೈಟರಿನಲ್ಲಿ ಕುಟ್ಟಿ, ಅವನೇ ಕತ್ತರಿಸಿ, ಅವನೇ ಅನ್ನದ ಅಗುಳಿನಿಂದ ಅಂಟಿಸಿದ್ದ. ಹಾಗಾಗಿ ಬೇರೆಯವರನ್ನು ಬೈಯುವ ಸುಖವೂ ಅವನಿಗೆ ಉಳಿದಿರಲಿಲ್ಲ.

ಚೀಟಿ ಅಂಟಿದ್ದು ಒಂದು ಹಿತ್ತಾಳೆಯ ಬ್ಯಾರೋಮೀಟರಿಗೆ. ಗಾಳಿಯ ಒತ್ತಡ ಅಳೆಯುವ ಸಾಧನ ಅದು. ನೋಡಲಿಕ್ಕೆ ಗೋಡೆ ಗಡಿಯಾರದ ಹಾಗೆಯೇ, ಆದರೆ ಇರುವುದು ಒಂದೇ ಮುಳ್ಳು. ಗಂಟೆಗಳ ಬದಲು ಸಾವಿರದ ಹಿಂದುಮುಂದಿನ ಅಂಕಿಗಳು. ಹರಪನಹಳ್ಳಿಯ ಗುಜರಿ ಅಂಗಡಿಯಲ್ಲಿ ಮುರಿದ ತಕ್ಕಡಿಗಳ ನಡುವೆ ಮುಖ ಮೇಲೆ ಮಾಡಿ ಬಿದ್ದಿದ್ದನ್ನು ಪಾಲಾಕ್ಷಪ್ಪ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಕೊಟ್ಟೂರಿಗೆ ತಂದಿದ್ದ. ಗಾಜಿನೊಳಗೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಮಾತು ಮಾಸಿ ಹೋಗಿದ್ದವು. ಗಾಜು ಬಿಚ್ಚಿ, ಆ ಜಾಗದಲ್ಲಿ ‘ಬಿಸಿಲು’, ‘ಮೋಡ’, ‘ಮಳೆ’, ‘ಬಿರುಗಾಳಿ’ ಎಂದು ಚೀಟಿ ಅಂಟಿಸಿ, ಪಡಸಾಲೆಯ ಮೊಳೆಗೆ ನೇತುಹಾಕಿದ. ವಾರ ಕಳೆಯುವುದರೊಳಗೆ ಓಣಿಯವರು ಅದಕ್ಕೆ ಗಾಳಿಗಡಿಯಾರ ಎಂದು ಹೆಸರಿಟ್ಟು, ಹೊಲಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ಇಣುಕಿ ಮುಳ್ಳು ಎಲ್ಲಿಗೆ ಬಂತು ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಪಾಲಾಕ್ಷಪ್ಪನಿಗೆ ಅದು ಬೇಕಾಗಿದ್ದು ಮಳೆಗಲ್ಲ, ವಿಮಾನಕ್ಕೆ.

ಅವನಿಗೆ ನಲವತ್ತು ದಾಟಿತ್ತು. ಟೈಪಿಂಗ್ ಕಲಿಸುವ ಶಾಲೆ ಅವನದು. ಎರಡು ಸಾವಿರದ ಎಂಟನೆಯ ಇಸವಿ ಬರುವ ಹೊತ್ತಿಗೆ ಹನ್ನೆರಡು ಯಂತ್ರಗಳಲ್ಲಿ ಹತ್ತು ಬಟ್ಟೆ ಹೊದ್ದು ಮಲಗಿದ್ದವು. ಮೂಲೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೊಂದು ಇಂಟರ್‌ನೆಟ್ಟು. ಅದರೊಳಗೆ ಅವನೊಂದು ಲೋಕ ಕಂಡುಕೊಂಡಿದ್ದ. ದೇಶದ ಮೂಲೆಮೂಲೆಯಲ್ಲಿ ಕೂತ ಹವ್ಯಾಸಿಗಳು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಆಟದ ವಿಮಾನ ಹಾರಿಸುವುದು. ಇನ್ನು ಕೆಲವರು ತಮ್ಮ ಮನೆಯಲ್ಲೇ ಕೂತು ಅವರಿಗೆ ಕಂಟ್ರೋಲರುಗಳಾಗಿ, ನೀನು ಇಷ್ಟು ಎತ್ತರಕ್ಕೆ ಇಳಿ, ನೀನು ಅಲ್ಲೇ ಒಂದು ಸುತ್ತು ಹಾಕು ಎಂದು ಮೈಕಿನಲ್ಲಿ ಹೇಳುವುದು. ಆಟವೇ ಹೌದು, ಆದರೆ ಅದರ ಶಿಸ್ತು ಮಾತ್ರ ಮಠದ ಶಿಸ್ತು.

ಅವನಿಗೆ ಈ ಗೀಳು ಹತ್ತಲು ಕಾರಣವಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಾಯುಸೇನೆಗೆ ಸೇರಲು ಬಳ್ಳಾರಿಗೆ ಹೋಗಿದ್ದ. ಗೋಡೆಗೆ ನಿಲ್ಲಿಸಿ ಅಳೆದು, ಒಂದು ಬೆರಳು ಕಡಿಮೆ ಎಂದು ವಾಪಸು ಕಳಿಸಿದರು. ಆ ಒಂದು ಬೆರಳು ಇಪ್ಪತ್ತು ವರ್ಷ ಅವನ ಎದೆಗೆ ಚುಚ್ಚುತ್ತಲೇ ಇತ್ತು. ತಾನು ಮೇಲೆ ಹೋಗಲಾರದವನು, ಮೇಲಿದ್ದವರಿಗೆ ಎಷ್ಟು ಎತ್ತರದಲ್ಲಿರಬೇಕೆಂದು ಹೇಳುವ ಕೆಲಸ ಹಿಡಿದ.

ಒಂದು ವರ್ಷದ ಸಂಜೆಗಳನ್ನೆಲ್ಲ ಸುರಿದು ಅವನು ಕಂಪ್ಯೂಟರಿನೊಳಗೆ ಕೊಟ್ಟೂರಿಗೊಂದು ವಿಮಾನ ನಿಲ್ದಾಣ ಕಟ್ಟಿದ್ದ. ಊರ ಮೂಡಲಿಗೆ ಎರ್ರೆಪ್ಪನ ಹೊಲ ತಟ್ಟೆಯ ಹಾಗೆ ಸಪಾಟಾಗಿತ್ತಾದ್ದರಿಂದ ರನ್‌ವೇ ಅಲ್ಲಿಗೇ ಬಂತು. ಸುದ್ದಿ ಕೇಳಿ ಎರ್ರೆಪ್ಪ ಬಾರುಕೋಲು ಹಿಡಿದೇ ಬಂದಿದ್ದ. ಆಟದ್ದು, ಹೊಲ ಹೊಲವಾಗಿಯೇ ಇರುತ್ತದೆ ಎಂದು ತಿಳಿಸಿ ಹೇಳಿದರೂ ಒಪ್ಪದೆ, ಬದುವಿನ ಮೇಲಿನ ತನ್ನ ಹುಣಸೆಮರವನ್ನಾದರೂ ಕಡಿಯಕೂಡದು ಎಂದು ಪಟ್ಟು ಹಿಡಿದ. ಪಾಲಾಕ್ಷಪ್ಪ ಅವನೆದುರಿಗೇ ರನ್‌ವೇಯ ತುದಿಯಲ್ಲಿ ಒಂದು ಹುಣಸೆಮರ ಬರೆದು ತೋರಿಸಿದ ಮೇಲೆ ಚಹಾ ಕುಡಿದು ಎದ್ದು ಹೋದ.

ಇನ್ನು ಉಳಿದದ್ದು ಆ ಹವ್ಯಾಸಿಗಳ ಬಳಗ ಕಂಟ್ರೋಲರುಗಳಿಗೆ ಇಡುವ ಪರೀಕ್ಷೆ, ಪರೀಕ್ಷಕರು ಹಾರಿಸಿಕೊಂಡು ಬರುವ ವಿಮಾನವನ್ನು ಸರಿಯಾಗಿ ಇಳಿಸಿಕೊಡಬೇಕು. ಪಾಸಾದರೆ ಬಳಗದ ನಕಾಶೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಸಾಲಿನಲ್ಲಿ ಕೊಟ್ಟೂರು ಎಂಬ ಚುಕ್ಕೆ ಬೀಳುತ್ತದೆ. ಎರಡು ಸಲ ಆಗಲೇ ಫೇಲಾಗಿದ್ದ. ಒಮ್ಮೆ ಕರೆಂಟು ಹೋಯಿತು. ಇನ್ನೊಮ್ಮೆ ಪರೀಕ್ಷಕರು ಎತ್ತರ ಕೇಳಿದ ಹೊತ್ತಿಗೇ ಕುಕ್ಕರು ಕೂಗಿ, ಅವರು ಅದನ್ನು ಅಪಾಯದ ಗಂಟೆ ಎಂದು ತಿಳಿದು ವಿಮಾನ ಮೇಲೆತ್ತಿಕೊಂಡು ಹೋಗಿಬಿಟ್ಟರು. ಮೂರನೆಯದೂ ತಪ್ಪಿದರೆ ನಿಲ್ದಾಣ ಅಳಿಸಿಹಾಕುತ್ತಾರೆ. ಬಳಗದ ಇನ್ನೊಂದು ನಿಯಮವೂ ಇತ್ತು: ಹವಾಮಾನ ಕೇಂದ್ರವಿಲ್ಲದ ಊರಾದರೆ ಕಂಟ್ರೋಲರನ ಬಳಿ ತನ್ನದೇ ಒತ್ತಡದ ಸಾಧನ ಇರಬೇಕು. ಅದಿಲ್ಲದ ನಿಲ್ದಾಣ ನಿಲ್ದಾಣವೇ ಅಲ್ಲ.

ಏಕೆಂದರೆ ವಿಮಾನ ತನ್ನ ಎತ್ತರ ತಿಳಿಯುವುದು ಗಾಳಿಯ ಒತ್ತಡದಿಂದ. ಒತ್ತಡವೋ ಊರಿಗೊಂದು, ಹೊತ್ತಿಗೊಂದು. ಆದ್ದರಿಂದ ಆರು ಸಾವಿರ ಅಡಿಯ ಮೇಲೆ ಎಲ್ಲರೂ ಒಂದೇ ಅಂಕಿ, ಸಾವಿರದ ಹದಿಮೂರು, ಇಟ್ಟುಕೊಂಡು ಹಾರಬೇಕು. ಕೆಳಗಿಳಿಯುವಾಗ ಆ ಊರಿನ ಆ ಹೊತ್ತಿನ ಅಂಕಿ ಕೇಳಿ, ವಿಮಾನದ ಎತ್ತರದ ಮಾಪಕದ ತಿರುಗಣಿಯನ್ನು ಅದಕ್ಕೆ ತಿರುಗಿಸಿಕೊಳ್ಳಬೇಕು. ಅಂಕಿ ಒಂದು ತಪ್ಪಿದರೆ ಎತ್ತರ ಸುಮಾರು ಮೂವತ್ತಡಿ ತಪ್ಪುತ್ತದೆ. ಪಾಲಾಕ್ಷಪ್ಪ ಇದನ್ನು ಹೆಂಡತಿ ನಾಗಲಿಂಗಮ್ಮನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದಾಗ ಆಕೆ ಅವರೆಕಾಯಿ ಸುಲಿಯುತ್ತಲೇ, “ಬೀದ್ಯಾಗ ಇರೋತನ ಎಲ್ಲಾರ ಜೋಡಿ ಒಂದ ಮಾತು. ಹೊಸ್ತಲ ದಾಟಿ ಒಳಗ ಬಂದ್ರ ಆ ಮನಿ ಮಾತು. ಇಷ್ಟ ಹೌದಲ್ರಿ?” ಎಂದಿದ್ದಳು. ಅಷ್ಟೇ ಆಗಿತ್ತು.

ಆ ಭಾನುವಾರ ಹನ್ನೊಂದು ಗಂಟೆಗೆ ಪರೀಕ್ಷೆ. ಮೃಗಶಿರಾ ಮಳೆ ಒಣಗಿಯೇ ಹೋಗಿ, ಆರಿದ್ರಾ ಅರ್ಧ ಕಳೆದಿತ್ತು. ಬಿತ್ತನೆಯ ಶೇಂಗಾ ಮನೆಮನೆಯಲ್ಲಿ ಚೀಲದೊಳಗೇ ಕೂತು ಜನರ ಮುಖ ನೋಡುತ್ತಿತ್ತು. ಏಳು ಗಂಟೆಗೆ ಪಾಲಾಕ್ಷಪ್ಪ ಬ್ಯಾರೋಮೀಟರು ನೋಡಿದ, ಸಾವಿರದ ಒಂಬತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಪರೀಕ್ಷಕರಿಗೆ ಕೇಳುವುದು ದನಿ ಮಾತ್ರ ಎಂದು ಗೊತ್ತಿದ್ದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಗೆ ಹಾಕುವ ಮೈಕನ್ನು ಕೊರಳಿಗೆ ಜೋತುಹಾಕಿಕೊಂಡು ಹತ್ತಕ್ಕೆ ಪಡಸಾಲೆಗೆ ಬಂದರೆ ಗೋಡೆಯಲ್ಲಿ ಮೊಳೆ ಇತ್ತು. ಮೊಳೆ ಮಾತ್ರ ಇತ್ತು.

ನಾಗಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು, ಎದುರು ಮನೆಯ ಜಂಬಕ್ಕ ಬಂದು ಒಂದು ಗಳಿಗೆ ಮಟ್ಟಿಗೆ ಕೇಳಿದಳೆಂದೂ, ದೇವರ ಕೆಲಸಕ್ಕೆ ಇಲ್ಲ ಅನ್ನಬಾರದೆಂದು ತಾನು ಕೊಟ್ಟೆನೆಂದೂ.

“ದೇವರ ಕೆಲಸ ಎಂಥಾದ್ದು?”

“ಗುರ್ಜಿ ಹೊಂಟಾರ.”

ಪಾಲಾಕ್ಷಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಮಳೆ ತಡವಾದ ವರ್ಷ ಆ ಕಡೆಯ ಹೆಂಗಸರು ಗುರ್ಜಿ ಹೊರುತ್ತಾರೆ. ರೊಟ್ಟಿ ಸುಡುವ ಹಂಚನ್ನು ಬೋರಲು ಮಾಡಿ, ಅದರ ಮೇಲೆ ಸಗಣಿಯದೋ ಮಣ್ಣಿನದೋ ಒಂದು ಗೊಂಬೆ ಕೂಡಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಗೊಂಬೆಗೆ ಒಂದು ಕೊಡ ನೀರು ಸುರಿಯಬೇಕು. ಹೊತ್ತವರು ಗರಗರ ತಿರುಗಬೇಕು. ಮಳೆ ಬಂದ ಮೇಲೆ ಗೊಂಬೆಯನ್ನು ಮರ್ಯಾದೆಯಿಂದ ನೀರಿಗೆ ಬಿಟ್ಟು ಬರುತ್ತಾರೆ. ಈ ವರ್ಷ ಮಣ್ಣಿನ ಗೊಂಬೆ ಎರಡು ಸಲ ಓಣಿ ಸುತ್ತಿದ್ದರೂ ಒಂದು ಹನಿ ಬಿದ್ದಿರಲಿಲ್ಲ.

ಪಾಲಾಕ್ಷಪ್ಪ ಓಡಿದ. ಒದ್ದೆ ನೆಲದ ಗುರುತು ಹಿಡಿದು ಹಿಟ್ಟಿನ ಗಿರಣಿ ದಾಟಿ ಎಡಕ್ಕೆ ತಿರುಗಿದಾಗ ಓಬಳೇಶಪ್ಪನ ಮನೆಯ ಮುಂದೆ ಗುಂಪು ಕಂಡಿತು. ನಡುವೆ ಅರವತ್ತರ ಜಂಬಕ್ಕ ಸೆರಗು ಬಿಗಿದು ತಿರುಗುತ್ತಿದ್ದಳು. ಅವಳ ತಲೆಯ ಮೇಲೆ ಹಂಚು, ಹಂಚಿನ ಮೇಲೆ ಸಗಣಿಯ ಪೀಠ, ಪೀಠದ ಮೇಲೆ ಗಾಜಿಗೆ ಕುಂಕುಮ ಹಚ್ಚಿಸಿಕೊಂಡು, ಗರಿಕೆ ಮುಡಿದು ಅವನ ಬ್ಯಾರೋಮೀಟರು ಹೊಸ ಮದುಮಗಳ ಹಾಗೆ ಕೂತಿತ್ತು. ಅವನು ಕೈ ಚಾಚುವುದಕ್ಕೂ ಅದರ ಮೇಲೆ ಒಂದು ಕೊಡ ನೀರು ಬೀಳುವುದಕ್ಕೂ ಸರಿಹೋಯಿತು.

ಅದು ಕೆಡುತ್ತದೆ, ಒದ್ದೆಯಾಗಬಾರದು ಎಂದು ಅವನು ಅಂಗಲಾಚಿದ. ಜಂಬಕ್ಕ ತಿರುಗುವುದನ್ನು ನಿಲ್ಲಿಸಿ, ಕಣ್ಣಿನ ಮೇಲಿನ ನೀರು ಒರೆಸಿಕೊಂಡಳು.

“ಪಾಲಾಕ್ಷಪ್ಪ, ಮೊನ್ನಿ ನೀನ ಹೇಳಿದ್ದಿಲ್ಲನು? ಮುಳ್ಳು ಮಳಿಗೆ ಬಂದ್ರ ಮಳಿ ಬರತೈತಿ ಅಂತ?”

“ಹೇಳಿದ್ದೆ, ಆದ್ರ…”

“ಮತ್ತ ಮುಳ್ಳು ಬಿಸಲಿನ ಹತ್ರ ಆರಾಮ ಕುಂತಿತ್ತು. ಅದನ್ನ ಅಲ್ಲಿಂದ ಎಬ್ಬಸಬೇಕಲ್ಲಪ. ಸುಮ್ನ ಕುಂದ್ರಿಸಿದ್ರ ಎದ್ದಾತೇನು?”

ಮಳೆ ಬರುವುದಿದ್ದರೆ ಮುಳ್ಳು ತಾನೇ ಬರುತ್ತದೆ, ಮುಳ್ಳು ಬಂದಿತೆಂದು ಮಳೆ ಬರುವುದಿಲ್ಲ ಎಂದು ಅವನು ವಿವರಿಸಿದ. ಹಾಗಾದರೆ ಗೋಡೆಗೆ ತೂಗುಹಾಕಿದ್ದು ಯಾತಕ್ಕೆ ಎಂದು ಗುಂಪಿನಲ್ಲಿದ್ದ ಭರಮಮ್ಮ ಕೇಳಿದಳು. ಅವನು ಕೈಗಡಿಯಾರ ನೋಡಿಕೊಂಡ. ಹತ್ತೂ ಇಪ್ಪತ್ತು ಆಗಿತ್ತು. ಈಗಲೇ ಕೊಟ್ಟುಬಿಡು ಎಂದರೆ, ನಡುವೆ ಇಳಿಸಿದರೆ ಗುರ್ಜಿ ಮುನಿಯುತ್ತಾಳೆ, ಇನ್ನು ಒಂಬತ್ತು ಮನೆ ಉಳಿದಿವೆ ಎಂದರು. ಬೇಗ ಮುಗಿಸಿ ಎಂದರೆ, ಜಂಬಕ್ಕ ತನ್ನ ಮೊಣಕಾಲು ತೋರಿಸಿ, ಈ ಕಾಲು ಎತ್ತಿನಗಾಡಿ, ಮೋಟಾರಲ್ಲ ಎಂದಳು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಗಂಡಸರು ಹೊರಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ಹೀಗೆ ಪಾಲಾಕ್ಷಪ್ಪ ಬಿಳಿ ಅಂಗಿಯಲ್ಲಿ, ಕೊರಳಲ್ಲಿ ಮೈಕು, ತಲೆಯ ಮೇಲೆ ಹಂಚು ಹೊತ್ತು ಒಂಬತ್ತು ಮನೆ ತಿರುಗಿದ. ಮನೆಗೆ ಒಂದೇ ಕೊಡ ಸಾಕು ಎಂದು ಅವನು ಬೇಡಿಕೊಂಡರೂ, ಮೇಷ್ಟ್ರೇ ಹೊತ್ತು ಬಂದಿದ್ದಾರೆಂಬ ಗೌರವಕ್ಕೆ ಕೆಲವರು ಎರಡು ಸುರಿದರು. ಹೊನ್ನೂರಮ್ಮನ ಮನೆಯಲ್ಲಿ ನೀರು ಕಾಯಿಸಿ ತರುತ್ತೇನೆಂದು ಒಳಗೆ ಹೋದವಳನ್ನು ಕೈಮುಗಿದು ತಡೆಯಬೇಕಾಯಿತು. ಸಗಣಿ ಕರಗಿ ಕಿವಿಯ ಹಿಂದಿನಿಂದ ಇಳಿದು ಅಂಗಿಯ ಮೇಲೆ ಹಸಿರು ಹೊಳೆಗಳಾಗಿ ಹರಿಯಿತು. ಏಳನೆಯ ಮನೆಯ ಮುದುಕಿ ಕೊಡ ಸುರಿದು, ಅವನನ್ನು ಮೇಲಿಂದ ಕೆಳಗೆ ಮೆಚ್ಚಿಗೆಯಿಂದ ನೋಡಿ, “ನೀ ಗಿಡ್ಡ ಇರೋದು ಭಾಳ ಚಲೋ ಆತು ನೋಡಪ. ಕೊಡ ಎತ್ತೋದು ತಪ್ಪಿತು” ಎಂದಳು. ಬಳ್ಳಾರಿಯಲ್ಲಿ ಕಡಿಮೆ ಬಿದ್ದ ಒಂದು ಬೆರಳು ಇಪ್ಪತ್ತು ವರ್ಷದ ಮೇಲೆ ಒಬ್ಬರಿಗಾದರೂ ಉಪಯೋಗಕ್ಕೆ ಬಂದಿತ್ತು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವನು ಮನೆ ಮುಟ್ಟಿದ. ಹಿಂದೆ ಹತ್ತು ಹೆಂಗಸರು. ಬ್ಯಾರೋಮೀಟರನ್ನು ಕಂಪ್ಯೂಟರಿನ ಪಕ್ಕದ ಮೇಜಿನ ಮೇಲಿಟ್ಟು ಒರೆಸಿ ನೋಡಿದ. ಮುಳ್ಳು ಸಾವಿರದ ಮೂರಕ್ಕೆ ನಿಂತಿತ್ತು. ಸರಿಯಾಗಿ ‘ಮಳೆ’ ಎಂಬ ಚೀಟಿಯ ಮೇಲೆ.

ಜಂಬಕ್ಕ ಎರಡೂ ಕೈಯಿಂದ ಅದಕ್ಕೆ ದೃಷ್ಟಿ ತೆಗೆದು ಲಟಿಕೆ ಮುರಿದಳು. ಪಾಲಾಕ್ಷಪ್ಪ ಬೆರಳಿನಿಂದ ಗಾಜಿಗೆ ತಟ್ಟಿದ, ಮುಳ್ಳು ಅಲುಗಲಿಲ್ಲ. ಹೊಟ್ಟೆಯೊಳಗೆ ಹತ್ತಾರು ಕೊಡ ನೀರು ಕುಡಿದ ಸಾಧನ ಮಳೆ ಎನ್ನದೆ ಇನ್ನೇನು ಅಂದೀತು? ಕಿಟಕಿಯಾಚೆ ನೋಡಿದ. ಬಿಸಿಲು ಹೆಂಚಿನ ಮೇಲೆ ಹಪ್ಪಳ ಸುಡುವಂತಿತ್ತು. ಸಾಧನ ಕೆಟ್ಟಿತು, ಸಂಶಯವೇ ಇಲ್ಲ. ಬೆಳಿಗ್ಗೆ ನೋಡಿದ ಒಂಬತ್ತೇ ಸರಿ.

ಎರ್ರೆಪ್ಪ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದ. ತನ್ನ ಹೊಲದಲ್ಲಿ ವಿಮಾನ ಇಳಿಯುವಾಗ ಒಡೆಯನಾದವನು ಇರಬೇಕೆಂಬುದು ಅವನ ವಾದ.

ಹನ್ನೊಂದಕ್ಕೆ ಪರೀಕ್ಷಕರ ದನಿ ಬಂತು. ನಾಗಪುರದ ನಿವೃತ್ತ ಭೂಗೋಳದ ಮೇಷ್ಟ್ರು ಅವರು. ಹುಬ್ಬಳ್ಳಿಯಿಂದ ಹೊರಟಿದ್ದೇನೆ, ಎಂಟು ಸಾವಿರ ಅಡಿಯಲ್ಲಿದ್ದೇನೆ ಎಂದರು. ಪಾಲಾಕ್ಷಪ್ಪ ಇಂಗ್ಲಿಷು ಕಲಿತದ್ದೆಲ್ಲ ಟೈಪಿಂಗಿನ ಮಾದರಿ ಪತ್ರಗಳಿಂದ. ಹಾಗಾಗಿ ಅವನು ವಿಮಾನಕ್ಕೆ ಉತ್ತರ ಕೊಟ್ಟರೂ ಅದು, ತಮ್ಮ ಎತ್ತರಕ್ಕೆ ಸಂಬಂಧಿಸಿದಂತೆ ಈ ಮೂಲಕ ತಿಳಿಯಪಡಿಸುವುದೇನೆಂದರೆ ಎಂಬ ಧಾಟಿಯಲ್ಲೇ ಇರುತ್ತಿತ್ತು. ಪರೀಕ್ಷಕರಿಗೆ ಅದು ಅಭ್ಯಾಸವಾಗಿತ್ತು. ಎಲ್ಲ ಸುಸೂತ್ರ ನಡೆಯಿತು. ನಾಗಲಿಂಗಮ್ಮ ಕುಕ್ಕರನ್ನು ಒಲೆಯ ಹತ್ತಿರವೂ ತಂದಿರಲಿಲ್ಲ. ಹೆಂಗಸರು ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದರು.

ಆರು ಸಾವಿರ ಅಡಿ ದಾಟಿ ಇಳಿಯುತ್ತ ಪರೀಕ್ಷಕರು ಕೇಳಬೇಕಾದ್ದನ್ನು ಕೇಳಿದರು: ಕೊಟ್ಟೂರಿನ ಒತ್ತಡ ಎಷ್ಟು?

“ಸಾವಿರದ ಒಂಬತ್ತು” ಎಂದ ಪಾಲಾಕ್ಷಪ್ಪ.

ಎರ್ರೆಪ್ಪ ಮೇಜಿನ ಕಡೆ ಬಗ್ಗಿ ನೋಡಿ, “ಲೇ, ಇಲ್ಲಿ ಮೂರು ಅಂತ ತೋರಸಾಕತ್ತೈತಲ್ಲೋ” ಎಂದ. ಪಾಲಾಕ್ಷಪ್ಪ ಕೈ ಬೀಸಿ ಸುಮ್ಮನಾಗಿಸಿದ.

ವಿಮಾನ ಉಜ್ಜಿನಿಯ ಕಡೆಯಿಂದ ತಿರುಗಿ ರನ್‌ವೇಗೆ ಮುಖ ಮಾಡಿತು. ತೆರೆಯ ಮೇಲೆ ಅದು ಪಾರಿವಾಳದಷ್ಟಿದ್ದದ್ದು ಹದ್ದಿನಷ್ಟಾಯಿತು. ಪರೀಕ್ಷಕರು ತಮ್ಮ ಎತ್ತರ ಒಪ್ಪಿಸುತ್ತ ಬಂದರು. ಒಂದೊಂದು ಅಂಕಿಯೂ ಎಷ್ಟಿರಬೇಕೋ ಅಷ್ಟೇ ಇತ್ತು. ಪಾಲಾಕ್ಷಪ್ಪನ ಕಣ್ಣ ಮುಂದೆ ನಕಾಶೆಯ ಚುಕ್ಕೆ ಆಗಲೇ ಮಿನುಗತೊಡಗಿತ್ತು. ಇನ್ನೂರು ಅಡಿ ಉಳಿದಿದೆ ಎಂದು ಅವರು ಹೇಳಿದ ಹೊತ್ತಿಗೆ ವಿಮಾನ ಹುಣಸೆಮರದೊಳಗೆ ಹೊಕ್ಕು ಅಲ್ಲೇ ನಿಂತಿತು.

ಹೆಂಗಸರೆಲ್ಲ ಬಾಗಿಲಿನಿಂದಲೇ ತೆರೆಯ ಕಡೆ ಕತ್ತು ಚಾಚಿದರು.

“ನನ್ನ ಗಿಡಕ್ಕ ಏನಾರ ಆತೇನು?” ಎಂದ ಎರ್ರೆಪ್ಪ.

ಪರೀಕ್ಷಕರು ಸಿಟ್ಟಾಗಲಿಲ್ಲ. ತಮ್ಮ ಕಂಪ್ಯೂಟರಿನ ಗಾಳಿ ಹತ್ತಿರದ ನಿಜವಾದ ಹವಾಮಾನ ಕೇಂದ್ರದಿಂದ ಗಳಿಗೆಗಳಿಗೆಗೂ ಬರುತ್ತದೆಂದೂ, ಕಳೆದ ಎರಡು ತಾಸಿನಿಂದ ನಿಮ್ಮ ಸೀಮೆಯಲ್ಲೆಲ್ಲ ಒತ್ತಡ ಸರಸರನೆ ಇಳಿದು ಈಗ ಸಾವಿರದ ಮೂರಕ್ಕೆ ಬಂದಿದೆಯೆಂದೂ ಹೇಳಿದರು. ಆರು ಅಂಕಿ ತಪ್ಪು, ಆದ್ದರಿಂದ ನೂರಾ ಎಂಬತ್ತು ಅಡಿ ತಪ್ಪು. ಇನ್ನೂರು ಅಡಿ ಎಂದು ತೋರಿದಾಗ ವಿಮಾನ ಇದ್ದದ್ದು ಇಪ್ಪತ್ತರಲ್ಲಿ. ಒಂಬತ್ತು ಎಲ್ಲಿಂದ ಬಂತು? ಸಾಧನ ನೋಡಲಿಲ್ಲವೆ?

ಪಾಲಾಕ್ಷಪ್ಪ ಒದ್ದೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಸುಳ್ಳು ಹೇಳಲು ಮಾದರಿ ಪತ್ರ ಅವನಿಗೆ ಯಾವುದೂ ನೆನಪಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಹೇಳಿದ: ಚೀಟಿ, ಗುರ್ಜಿ, ಒಂಬತ್ತು ಮನೆ, ಸಗಣಿ. ಸಾಧನ ಮೂರು ಎಂದೇ ಹೇಳಿತ್ತು, ನಾನು ನಂಬಲಿಲ್ಲ ಎಂದ. ಅವನು ಹೇಳುತ್ತಿರುವಾಗಲೇ ಹೊರಗೆ ಬೆಳಕು ತಟ್ಟನೆ ಕಂದಿ, ಹೆಂಚಿನ ಮೇಲೆ ಯಾರೋ ಶೇಂಗಾ ಚೀಲ ಸುರಿದಂಥ ಸದ್ದಾಯಿತು. ನಡುವೆ ಯಾರೋ ಏನೋ ಕೇಳಿದರು. ಕಣ್ಣು ತೆರೆಯದೆಯೇ ಅವನು ಕೈ ಬೀಸಿದ.

ಪರೀಕ್ಷಕರು ನಗುತ್ತಿದ್ದಾರೆಂದು ಅವನಿಗೆ ತಡವಾಗಿ ತಿಳಿಯಿತು. ನಿಮ್ಮ ಸಾಧನಕ್ಕೆ ನೂರಕ್ಕೆ ನೂರು, ನಿಮಗೆ ಸೊನ್ನೆ ಎಂದರು. ಆದರೆ ಮೂವತ್ತು ವರ್ಷ ಪಾಠ ಹೇಳಿದವನು ನಾನು, ತನ್ನ ತಪ್ಪನ್ನು ಇಷ್ಟು ಉದ್ದ ಹೇಳಿದ ವಿದ್ಯಾರ್ಥಿಯನ್ನು ನೋಡಿರಲಿಲ್ಲ. ಇದನ್ನು ನಾನು ಇನ್ನೂ ಬರೆದುಕೊಂಡಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಬರುತ್ತೇನೆ. ಒಂದೇ ಷರತ್ತು: ಕಂಪ್ಯೂಟರಿನ ಕ್ಯಾಮೆರಾವನ್ನು ಆ ಸಾಧನದ ಕಡೆ ತಿರುಗಿಸಿ, ಮುಳ್ಳು ಎಷ್ಟು ತೋರಿಸುತ್ತದೋ ಅಷ್ಟನ್ನೇ ಓದಿ ಹೇಳಬೇಕು. ಅಷ್ಟು ಮಾಡಿದರೆ ಪಾಸು.

ಪಾಲಾಕ್ಷಪ್ಪ ಮೈಕು ತೆಗೆದಿಟ್ಟು ಎದ್ದು ನಿಂತ. ಹೊರಗೆ ಮಳೆ ಧೋ ಎಂದು ಹೊಯ್ಯುತ್ತಿತ್ತು. ಅವನಿಗೆ ಮೊದಲ ಸಲ ತಾನು ಒಂದು ಬೆರಳು ಬೆಳೆದ ಹಾಗೆನಿಸಿತು. ಬ್ಯಾರೋಮೀಟರಿಗೆ ಕೈಮುಗಿಯೋಣವೆಂದು ಮೇಜಿನ ಕಡೆ ತಿರುಗಿದ. ಮೇಜಿನ ಮೇಲೆ ದುಂಡಗಿನ ಒದ್ದೆ ಗುರುತು ಇತ್ತು. ಗುರುತು ಮಾತ್ರ ಇತ್ತು.

ಎರ್ರೆಪ್ಪನೊಬ್ಬನೇ ಸ್ಟೂಲಿನ ಮೇಲೆ ಕೂತಿದ್ದ.

“ಜಂಬಕ್ಕ ಒಯ್ದಳು. ಒಯ್ಲಾ ಅಂತ ಕೇಳಿದ್ಲು, ನೀ ಕೈ ಬೀಸಿದಿ. ಒಯ್ಯಿ ಅಂದಂಗಾತು.”

ಅಷ್ಟರಲ್ಲಿ ಜಂಬಕ್ಕನೇ ಬಾಗಿಲಿಗೆ ಬಂದಳು. ಸೀರೆಯಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ಬೆಳಕು ಸುರಿಯುತ್ತಿತ್ತು, ಕಂಕುಳಲ್ಲಿ ಬರಿಯ ಹಂಚು. ಮಳೆ ಬಂದ ಮೇಲೆ ಗುರ್ಜಿಯನ್ನು ಒಂದು ಗಳಿಗೆಯೂ ಮನೆಯಲ್ಲಿ ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ಮಳೆ ಹಿಂದಕ್ಕೆ ಹೋಗುತ್ತದೆ ಎಂದಳು. ಅರಿಷಿಣ ಹಚ್ಚಿ, ಉಡಿ ತುಂಬಿ, ಐದು ಮಂದಿ ಮುತ್ತೈದೆಯರು ಓಣಿಯ ತುದಿಯ ಹಿರೇಬಾವಿಗೆ ಬಿಟ್ಟು ಬಂದಿದ್ದರು. ಮಣ್ಣಿನ ಗೊಂಬೆಗೂ ಇಂಥ ಮರ್ಯಾದೆ ಮಾಡಿರಲಿಲ್ಲ.

ಪಾಲಾಕ್ಷಪ್ಪ ಮೇಜಿನ ಮೇಲಿನ ಒದ್ದೆ ಗುರುತಿಗೇ ಕೈಮುಗಿದ. ಸಂತೋಷ ಹೆಚ್ಚಾಗಿ ಮುಗಿದನೆಂದು ಜಂಬಕ್ಕ ತಿಳಿದಳು. ಆದರೂ ಒಂದು ಮಾತು ಅವಳ ಮನಸ್ಸನ್ನು ಕೊರೆಯುತ್ತಿತ್ತು.

“ಒಂದ ನೋಡಪ, ನೀರಾಗ ಇಳಿಯೋ ಮುಂದ ಮುಳ್ಳು ಸರ್‍ರಂತ ತಿರುಗಿ ಬಿಸಲಿನ ಕಡಿ ಹೋತು. ನಾ ಕಣ್ಣಾರೆ ನೋಡೀನಿ. ಬರೋ ವಾರ ಮಳಿ ಕೈ ಕೊಡತೈತೇನೋ. ಅಂಥಾದ್ದು ಇನ್ನೊಂದು ಹರಪನಹಳ್ಯಾಗ ಸಿಗತೈತೇನು?”

ನೀರಿನಡಿಗೆ ಹೋದಂತೆ ಒತ್ತಡ ಏರುತ್ತದೆ, ಸಾಧನ ಕೊನೆಯ ಗಳಿಗೆಯಲ್ಲೂ ಸತ್ಯವನ್ನೇ ಹೇಳಿದೆ ಎಂದು ಪಾಲಾಕ್ಷಪ್ಪನಿಗೆ ಹೊಳೆಯಿತು. ನಾಗಲಿಂಗಮ್ಮ ಒಳಗಿನಿಂದ ಒಣ ಪಂಚೆ ತಂದು ಅವನ ತಲೆ ಒರೆಸಿದಳು. ಎರ್ರೆಪ್ಪ ಮಾತ್ರ, ಹೊಲ ತನ್ನದಾದ ಮೇಲೆ ನಿಲ್ದಾಣದ ಹೊಣೆಯೂ ಸ್ವಲ್ಪ ತನ್ನದೇ ಎಂದುಕೊಂಡು, ಗೋಣಿಚೀಲ ತಲೆಗೆ ಹಾಕಿಕೊಂಡು, ಬಾವಿಗೆ ಬಿದ್ದದ್ದನ್ನು ಎತ್ತುವ ಕೊಕ್ಕೆಗಳ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಹಿಡಿದು ಬಾವಿಗೆ ಹೋದ. ಮೂರು ಗಂಟೆಗೆ ಎರಡು ಹಳೆಯ ಕೊಡ, ಒಂದು ಹಿತ್ತಾಳೆ ತಂಬಿಗೆ ತಂದು, ಬಾಕಿದ್ದು ಹೂಳಿನೊಳಗೆ ಇಳಿದುಹೋಗಿದೆ ಎಂದ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಪಾಲಾಕ್ಷಪ್ಪ ಬೇರೆ ಅಂಗಿ ತೊಟ್ಟು, ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತು, ಹತ್ತೂ ಬೆರಳಿನಿಂದ ಒಂದೂ ತಪ್ಪಿಲ್ಲದೆ ಟೈಪು ಮಾಡಿದ:

“ಮಾನ್ಯರೆ, ತಮ್ಮ ಷರತ್ತಿಗೆ ಸಂಬಂಧಿಸಿದಂತೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಸಾಧನವು ಕೊಟ್ಟೂರಿನ ಹಿರೇಬಾವಿಯಲ್ಲಿದ್ದು, ನೆಲಮಟ್ಟದಿಂದ ನಲವತ್ತೆರಡು ಅಡಿ ಕೆಳಗಿರುತ್ತದೆ. ಈ ಸಲ ಎತ್ತರದಲ್ಲಿ ತಪ್ಪಿಲ್ಲ. ಹೊಲದ ಒಡೆಯರು ಹಗ್ಗ ಬಿಟ್ಟು ಅಳೆದಿದ್ದಾರೆ.”